ಗಾಳದ ದಾರ, ಅಕ್ಕಿ ಚೀಲ, ಹಳೇ ಮಿಯಾಟಾ

ಥಂಡರ್‌ಹಿಲ್‌ನಲ್ಲಿ ಒಂದು ದಿನ ಪೂರ್ತಿ ಓಡಿಸಿ ಬಂದ ಮೇಲೆ ನನ್ನ 1999ರ ಮಾಜ್ದಾ ಮಿಯಾಟಾ ಕಾರಿನ ಮುಂದಿನ ಬಲ ಟೈರ್ ನೋಡಿ ಹೊಟ್ಟೆ ಉರಿಯಿತು. ಹೊರ ಅಂಚು ಸವೆದು ದುಂಡಗಾಗಿತ್ತು, ಒಳಗಿನ ಅರ್ಧ ಹೊಸದರ ಹಾಗೇ ಇತ್ತು. ಉತ್ತರ ಕ್ಯಾಲಿಫೋರ್ನಿಯಾದ ವಿಲೋಸ್ ಹತ್ತಿರ ಇರುವ ಈ ಟ್ರ್ಯಾಕ್‌ನ ಎರಡನೇ ತಿರುವು ಎಡಕ್ಕೆ ಸುತ್ತುತ್ತಲೇ ಹೋಗುತ್ತದೆ. ಅಷ್ಟೂ ಹೊತ್ತು ಭಾರವೆಲ್ಲ ಬಲಗಡೆ. ಗಾಡಿ ವಾಲಿದ ಹಾಗೆ ಚಕ್ರದ ತಲೆಯೂ ಹೊರಕ್ಕೆ ವಾಲುತ್ತದೆ, ಹೊರ ಅಂಚಷ್ಟೇ ನೆಲ ಕಚ್ಚುತ್ತದೆ. ಅದಕ್ಕೇ ಗಾಡಿ ನಿಂತಿರುವಾಗಲೇ ಚಕ್ರದ ತಲೆಯನ್ನು ಸ್ವಲ್ಪ ಒಳಕ್ಕೆ ವಾಲಿಸಿಡಬೇಕು. ನೆಗೆಟಿವ್ ಕ್ಯಾಂಬರ್ ಅಂದರೆ ಇದೇ.

ಮೊದಲು ಒಂದು ವೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋಗಿದ್ದೆ. ಕ್ಯಾಂಬರ್ ಇಂತಿಷ್ಟು ಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಕಂಪನಿ ನಂಬರಿಗೇ ಕೂರಿಸಿ, ಎಲ್ಲಾ ಹಸಿರು ಬಂದಿದೆ ನೋಡಿ ಅಂತ ಪ್ರಿಂಟ್ ಕೈಗಿಟ್ಟರು. ಆಫೀಸಿಗೆ ಓಡಿಸೋಕೆ ಆ ಹಸಿರು ಸರಿ. ನನಗೆ ಬೇಕಾಗಿದ್ದು ಅದಲ್ಲ. ಮಿಯಾಟಾದಲ್ಲಿ ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಹಿಡಿಯಲು ಮೇಲೊಂದು ಕೆಳಗೊಂದು ತೋಳು. ಕೆಳಗಿನ ತೋಳಿನ ಬುಡದಲ್ಲಿ ಕ್ಯಾಮ್ ಬೋಲ್ಟ್‌ಗಳಿವೆ, ತಿರುಗಿಸಿದರೆ ತೋಳು ಹೊರಕ್ಕೋ ಒಳಕ್ಕೋ ಸರಿಯುತ್ತದೆ. ಹೊಸ ಪಾರ್ಟ್ ಏನೂ ಬೇಡ. ಮನೆಯಲ್ಲೇ ಮಾಡೋಣ ಅಂದುಕೊಂಡೆ.

ಗ್ಯಾರೇಜಿನ ನೆಲ ಮಟ್ಟವಾಗಿದೆ ಅಂತ ನಂಬಿದ್ದೆ. ಅಳೆದರೆ ಬಲಗಡೆ 4 ಮಿ.ಮೀ. ತಗ್ಗು! ವಿನೈಲ್ ಟೈಲ್ಸ್ ಇಟ್ಟು ಸರಿಮಾಡಿದೆ. ಪ್ರತಿ ಚಕ್ರದ ಕೆಳಗೆ ಇನ್ನೆರಡು ಟೈಲ್ಸ್, ಮಧ್ಯೆ ಗ್ರೀಸ್. ಆಗ ಚಕ್ರ ತಡೆಯಿಲ್ಲದೆ ಜಾರುತ್ತದೆ. ಓಡಿಸುವವನ ತೂಕ ಸೀಟಿನಲ್ಲಿ ಇರಲೇಬೇಕು. ನನ್ನದು 72 ಕೆಜಿ, ಅಂದರೆ 20 ಪೌಂಡಿನ ಸೋನಾ ಮಸೂರಿ ಚೀಲ ಎಂಟು. "ಒಂದು ಹರಿದ್ರೂ ಕಾಳು ಕಾಳು ನೀವೇ ಆರಿಸ್ಬೇಕು" ಅಂದಳು ಹೆಂಡತಿ.

ಗಾಡಿಯ ಎರಡೂ ಬದಿ ಚಕ್ರದ ನಡುಮಟ್ಟಕ್ಕೆ ಮೀನು ಹಿಡಿಯುವ ಗಾಳದ ದಾರ ಬಿಗಿದು ಕಟ್ಟಿದೆ. ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಮಿಯಾಟಾದ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ ಮುಂದಿನ ಎರಡರ ಅಂತರಕ್ಕಿಂತ ತುಸು ಜಾಸ್ತಿ. ದಾರದಿಂದ ಮುಂದೆಯೂ ಹಿಂದೆಯೂ ಒಂದೇ ಅಳತೆ ಇಟ್ಟರೆ ದಾರವೇ ಸೊಟ್ಟ. ಎಡ ಬಲ ಸಮ ಇರಬೇಕು, ಎರಡು ದಾರಗಳ ನಡುವಿನ ಅಂತರ ಎರಡೂ ತುದಿಯಲ್ಲಿ ಒಂದೇ ಇರಬೇಕು. ಆಮೇಲೆ ರಿಮ್ಮಿನ ಮುಂದಿನ ಅಂಚಿನಿಂದ, ಹಿಂದಿನ ಅಂಚಿನಿಂದ ದಾರಕ್ಕೆ ಸ್ಕೇಲ್ ಹಿಡಿಯುವುದು. 15 ಇಂಚಿನ ರಿಮ್ಮಿಗೆ 1 ಮಿ.ಮೀ. ವ್ಯತ್ಯಾಸ ಅಂದರೆ ಸುಮಾರು 0.14 ಡಿಗ್ರಿ ಟೋ. ಟೋ ಅಂದರೆ ಚಕ್ರದ ಮುಂದಿನ ಅಂಚು ಒಳಕ್ಕೋ (ಟೋ ಇನ್) ಹೊರಕ್ಕೋ (ಟೋ ಔಟ್) ತಿರುಗಿರುವುದು.

ಮೊದಲ ರಾತ್ರಿ ಎಡವಿದೆ. ಬೋಲ್ಟ್ ತಿರುಗಿಸಿ, ಜಾಕ್ ಇಳಿಸಿ, ಡಿಜಿಟಲ್ ಗೇಜ್ ಇಟ್ಟರೆ ಕ್ಯಾಂಬರ್ ಮೈನಸ್ 1.8 ಡಿಗ್ರಿ. ಸಾಲದು ಅಂತ ಮತ್ತೆ ತಿರುಗಿಸಿದೆ, ಮತ್ತೆ ಇಳಿಸಿದೆ. ಹನ್ನೊಂದು ಗಂಟೆಗೆ ಮೈನಸ್ 2.6 ಬಂತು, ಖುಷಿಯಲ್ಲಿ ಮಲಗಿದೆ. ಬೆಳಿಗ್ಗೆ ಗಾಡಿ ಹೊರಗೆ ತೆಗೆದು ವಾಪಸ್ ತಂದಿಟ್ಟು ನೋಡಿದರೆ ಮೈನಸ್ 3.3! ಜಾಕ್‌ನಿಂದ ಇಳಿಸಿದ ಗಾಡಿ ತಕ್ಷಣ ಕೂರುವುದಿಲ್ಲ, ಎತ್ತರದಲ್ಲೇ ನಿಂತಿರುತ್ತದೆ. ಈಗ ಪ್ರತಿ ಸಲ ಹಿಂದೆ ಮುಂದೆ ತಳ್ಳಿ, ಬಾನೆಟ್ ನಾಲ್ಕು ಸಲ ಅದುಮಿ, ಆಮೇಲೆ ಗೇಜ್ ಮುಟ್ಟುತ್ತೇನೆ. ಬೋಲ್ಟಿನ ಕೊನೇ ಬಿಗಿಯೂ ಗಾಡಿ ನೆಲದ ಮೇಲಿರುವಾಗಲೇ. ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದೆ.

ಕ್ಯಾಂಬರ್ ಮುಟ್ಟಿದರೆ ಟೋ ಕೆಡುತ್ತದೆ, ಹಾಗಾಗಿ ಟೋ ಕೊನೆಗೆ. ಈಗ ಮುಂದೆ ಕ್ಯಾಂಬರ್ ಮೈನಸ್ 2.7, ಟೋ ಸೊನ್ನೆ. ಹಿಂದೆ ಮೈನಸ್ 2.2, ಚಕ್ರಕ್ಕೆ 1 ಮಿ.ಮೀ. ಟೋ ಇನ್. ಹಿಂದಿನ ಟೋ ಸೊನ್ನೆ ಮಾಡಿದರೆ ಜೋರು ಬ್ರೇಕಿನಲ್ಲಿ ಬಾಲ ಅಲ್ಲಾಡಿಸುತ್ತದೆ. ಮುಂದೆ ಒಮ್ಮೆ ಟೋ ಔಟ್ ಕೊಟ್ಟು ನೋಡಿದ್ದೆ. ತಿರುವಿಗೆ ಚುರುಕಾಗಿ ಬಿತ್ತು, ಆದರೆ ಹೈವೇಯಲ್ಲಿ ಲಾರಿ ಜಾಡಿಗೆ ಸಿಕ್ಕಿ ಸ್ಟೇರಿಂಗ್ ಕೈಯಲ್ಲಿ ನಿಲ್ಲಲಿಲ್ಲ.

ಮುಂದಿನ ಟ್ರ್ಯಾಕ್ ದಿನ ಪಿಟ್‌ಗೆ ಬಂದ ಕೂಡಲೇ ಬಲ ಟೈರಿಗೆ ಬಿಸಿ ಅಳೆಯುವ ಪೈರೋಮೀಟರ್ ಸೂಜಿ ಚುಚ್ಚಿದೆ. ಒಳಗೆ 88, ನಡುವೆ 86, ಹೊರಗೆ 83 ಡಿಗ್ರಿ ಸೆಲ್ಸಿಯಸ್. ಹಳೇ ಸೆಟ್ಟಿಂಗಿನಲ್ಲಿ ಹೊರಗೆ 91, ಒಳಗೆ 76 ಇತ್ತು. ಒಳಗೆ ತುಸು ಬಿಸಿ ಜಾಸ್ತಿ ಇರಬೇಕು, ಇದು ಸಾಕು.

ಬರುವ ತಿಂಗಳು ಮತ್ತೆ ಅಳೆಯಬೇಕು. ಎಂಟು ಚೀಲದಲ್ಲಿ ಈಗ ಐದೇ ಉಳಿದಿವೆ, ಮೊದಲು ದಿನಸಿ ಅಂಗಡಿಗೆ ಹೋಗಿ ಬರಬೇಕು.