ಕೊಳಕುಮಂಡಲ ಕಚ್ಚಿದಾಗ ನಾನು ಕಲಿತದ್ದು

ನಮ್ಮೂರು ಮದ್ದೂರಿನ ಹತ್ತಿರ. ಹೋದ ವರ್ಷ ಕಾರ್ತಿಕದಲ್ಲಿ ಭತ್ತ ಕೊಯ್ಯುವಾಗ ಅಪ್ಪನ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಗಾಬರಿಯಲ್ಲಿ ನಾನು ಟವೆಲ್ ತಗೊಂಡು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿಬಿಟ್ಟೆ. ಅದು ತಪ್ಪು. ಮಂಡಲದ ವಿಷ ಮಾಂಸವನ್ನೇ ಕೊಳೆಸುತ್ತದೆ. ಕಟ್ಟಿದರೆ ರಕ್ತ ಓಡಾಡುವುದೂ ನಿಂತು ಕಾಲಿಗೇ ಕುತ್ತು. ಯಾರಾದರೂ ಆಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ತಡೆದಿದ್ದ ವಿಷ ಒಮ್ಮೆಲೇ ಮೇಲಕ್ಕೆ ನುಗ್ಗಬಹುದು. ಡಾಕ್ಟರೇ ಬಿಚ್ಚಲಿ.

ಮೊದಲು ಕಚ್ಚಿಸಿಕೊಂಡವರನ್ನು ಮಲಗಿಸಿ. ಒಂದು ಹೆಜ್ಜೆಯೂ ನಡೆಸಬೇಡಿ. ನಡೆದಷ್ಟೂ ವಿಷ ಬೇಗ ಹರಡುತ್ತದೆ. ಉಂಗುರ, ಕಾಲುಂಗುರ, ಬಳೆ ತೆಗೆಯಿರಿ, ಬಾವು ಬಂದ ಮೇಲೆ ಅವು ಬರುವುದಿಲ್ಲ. ಕೈಯೋ ಕಾಲೋ ಅಲುಗಾಡದಂತೆ ಒಂದು ಕೋಲು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ. ಬ್ಲೇಡಿನಲ್ಲಿ ಕೊಯ್ಯುವುದು, ಬಾಯಲ್ಲಿ ಹೀರುವುದು, ಸೊಪ್ಪಿನ ರಸ ಹಚ್ಚುವುದು ಯಾವುದೂ ಬೇಡ.

108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡವಾದರೆ ಬೈಕಿನಲ್ಲೇ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ. ಹೋಗುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ‘ಹಾವಿನ ಇಂಜೆಕ್ಷನ್ ಇದೆಯಾ?’ ಅಂತ ಕೇಳಿ. ನಾವು ಕೇಳದೆ ಹೋಗಿ ಒಂದು ಕಡೆಯಿಂದ ವಾಪಸ್ ಬಂದೆವು. ಮುಕ್ಕಾಲು ಗಂಟೆ ಹೋಯಿತು.

ನಮ್ಮೂರಲ್ಲಿ ಒಬ್ಬರು ನಾಟಿ ಔಷಧಿ ಕೊಡುತ್ತಾರೆ, ಅವರಿಂದ ಬದುಕಿದವರೂ ಇದ್ದಾರೆ ಅಂದರು. ವಿಷವಿಲ್ಲದ ಹಾವು ಕಚ್ಚಿದವರು, ವಿಷದ ಹಾವು ಕಚ್ಚಿದರೂ ಮೈಗೆ ವಿಷ ಇಳಿಯದವರು ಹೇಗೂ ಬದುಕುತ್ತಾರೆ, ಅಲ್ವಾ? ಮೈಗೆ ವಿಷ ಇಳಿದವರಿಗೆ ಬೇಕಾದ್ದು ಆಸ್ಪತ್ರೆಯ ಇಂಜೆಕ್ಷನ್ನೇ.

ಹಾವನ್ನು ಹಿಡಿಯುವ, ಹೊಡೆಯುವ ಕೆಲಸ ಬೇಡ. ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಇಂಜೆಕ್ಷನ್. ಕಚ್ಚಿದ ಹೊತ್ತು ಮಾತ್ರ ಸರಿಯಾಗಿ ನೆನಪಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಅಪ್ಪನ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟರು. ಬಗ್ಗಿಸಿದಾಗ ನೀರಿನಂತೆ ಹರಿಯಿತು, ಹೆಪ್ಪುಗಟ್ಟಿರಲಿಲ್ಲ. ಅಂದರೆ ವಿಷ ರಕ್ತಕ್ಕೆ ಇಳಿದಿತ್ತು. ತಕ್ಷಣ ಹಾವಿನ ಇಂಜೆಕ್ಷನ್ 10 ವಯಲ್ (ಪುಟ್ಟ ಬಾಟಲಿ) ಡ್ರಿಪ್‌ನಲ್ಲಿ ಹಾಕಿದರು. ಸ್ವಲ್ಪ ಹೊತ್ತಿಗೆ ಅಪ್ಪನಿಗೆ ಮೈ ತುರಿಕೆ, ನಡುಕ. ಔಷಧಿಗೆ ಹಾಗಾಗಬಹುದು, ಡಾಕ್ಟರು ಅದಕ್ಕೆ ಸಿದ್ಧವಾಗಿರುತ್ತಾರೆ. ಹೆದರಿ ಡ್ರಿಪ್ ಬೇಡ ಅನ್ನಬೇಡಿ.

ಕಟ್ಟು ಹಾವಿನ ವಿಷಯ ಬೇರೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದವರ ರೆಪ್ಪೆ ಜೋತು ಬಿದ್ದಿದ್ದರೆ ಗ್ಯಾಸ್ ಅಂದುಕೊಂಡು ಸುಮ್ನೆ ಕೂರಬೇಡಿ. ಉಸಿರೇ ನಿಲ್ಲಬಹುದು.

ಮಂಡಲದ ವಿಷ ಕಿಡ್ನಿಗೂ ಹೊಡೆಯುತ್ತದೆ. ಮನೆಗೆ ಬಂದ ಮೇಲೆ ಮೂತ್ರ ಕಡಿಮೆಯಾದರೆ, ಕೆಂಪಾದರೆ, ಒಸಡಿನಲ್ಲಿ ರಕ್ತ ಕಂಡರೆ ಆ ಹೊತ್ತಿನಲ್ಲೇ ಆಸ್ಪತ್ರೆಗೆ ವಾಪಸ್ ಹೋಗಿ.