ಥೀಸಿಸ್ ವಾಪಸ್ ಬಂದಾಗ ಯಾರ ಹತ್ತಿರ ಏನು ಮಾಡಿಸಿದೆ

ಪಿಎಚ್‌ಡಿ ಥೀಸಿಸ್ ಕೊಟ್ಟು ಏಳು ತಿಂಗಳಾದ ಮೇಲೆ ಪರೀಕ್ಷಕರ ವರದಿ ಬಂತು. ಹೊರಗಿನ ಇಬ್ಬರು ಪರೀಕ್ಷಕರಲ್ಲಿ ಒಬ್ಬರು ಒಪ್ಪಿದ್ದರು. ಇನ್ನೊಬ್ಬರು ಎರಡೂವರೆ ಪುಟ ತಿದ್ದುಪಡಿ ಬರೆದು, ಸರಿಪಡಿಸಿ ಮತ್ತೆ ಸಲ್ಲಿಸಲಿ ಅಂದಿದ್ದರು. ಸಿಕ್ಕಿದ್ದು ಆರು ತಿಂಗಳು. ನನ್ನದು ಅತಿಥಿ ಉಪನ್ಯಾಸಕಿ ಕೆಲಸ, ಮನೆಯಲ್ಲಿ ಯುಕೆಜಿ ಮಗು. ಎರಡು ದಿನ ಆ ವರದಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟಿದ್ದೆ.

ಜೆರಾಕ್ಸ್ ಅಂಗಡಿಯಲ್ಲಿ 'ಥೀಸಿಸ್ ಕರೆಕ್ಷನ್ ಮಾಡಿಕೊಡಲಾಗುವುದು' ಎಂಬ ಚೀಟಿ ನೋಡಿ ಫೋನ್ ಮಾಡಿದ್ದೂ ನಿಜ. "ವರದಿ ವಾಟ್ಸಾಪ್ ಮಾಡಿ ಮೇಡಂ, ನೀವೇನೂ ಓದೋದು ಬೇಡ, 35 ಸಾವಿರ" ಅಂದರು. ಓದೋದು ಬೇಡ ಅಂದಿದ್ದೇ ನನ್ನನ್ನು ಹೆದರಿಸಿತು. ಕೊನೆಗೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೂರುವವಳು ನಾನು ಅಲ್ವಾ? ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಂತೆ, ಇದನ್ನು ನಾನೇ ಸಿದ್ಧಪಡಿಸಿದ್ದೇನೆ ಅಂತ ಮುಚ್ಚಳಿಕೆ ಕೊಡುವವಳೂ ನಾನೇ.

ಗೈಡ್ ಮೇಡಂ ಹತ್ತಿರ ಹೋಗಿ, "ಎಷ್ಟು ಸಹಾಯ ತಗೋಬಹುದು?" ಅಂತ ನೇರವಾಗಿ ಕೇಳಿದೆ. "ಅಕ್ಷರಕ್ಕೆ, ಲೆಕ್ಕ ಕಲಿಯೋಕೆ ತಗೊಳಮ್ಮ. ವಾದ ಮಾತ್ರ ನಿನ್ನದೇ ಇರಲಿ" ಅಂದರು. ಅವತ್ತೇ ವರದಿಯ ಪ್ರತಿ ಅಂಶದ ಪಕ್ಕ ಯಾರ ಕೆಲಸ ಅಂತ ಪೆನ್ಸಿಲಿನಲ್ಲಿ ಬರೆದೆ.

ನಿಜವಾಗಿ ಕಷ್ಟವಾಗಿದ್ದು ಅಂಕಿ ಅಂಶ. ನನ್ನ ವಿಷಯ ಸ್ವಸಹಾಯ ಸಂಘದ ಮಹಿಳೆಯರು, 240 ಜನರ ಸಮೀಕ್ಷೆ. ಶಿಕ್ಷಣದ ಐದು ಹಂತ, ಆದಾಯದ ನಾಲ್ಕು ಹಂತ ಇಟ್ಟು, ಎರಡಕ್ಕೂ ಸಂಬಂಧ ಇದೆಯಾ ಅಂತ ನೋಡುವ ಕೈ-ಸ್ಕ್ವೇರ್ (chi-square) ಪರೀಕ್ಷೆ ಮಾಡಿಸಿದ್ದೆ. ಅಂದರೆ ಕೋಷ್ಟಕದಲ್ಲಿ 20 ಮನೆಗಳು. ಅದರಲ್ಲಿ ಒಂಬತ್ತು ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ (ಎರಡಕ್ಕೂ ಸಂಬಂಧವೇ ಇಲ್ಲ ಅಂದುಕೊಂಡರೆ ಆ ಮನೆಗೆ ಬರಬೇಕಾದ ಜನರ ಲೆಕ್ಕ) 5ಕ್ಕಿಂತ ಕಡಿಮೆ ಇತ್ತು. ಅಂಥವು ನೂರಕ್ಕೆ 20ಕ್ಕಿಂತ ಜಾಸ್ತಿ ಇದ್ದರೆ ಫಲಿತಾಂಶ ನಂಬೋ ಹಾಗಿಲ್ಲ ಅನ್ನೋದು ಸಾಮಾನ್ಯ ಲೆಕ್ಕಾಚಾರ. ಪರೀಕ್ಷಕರು ಹಿಡಿದಿದ್ದೂ ಅದನ್ನೇ. ಮೊದಲು ಸಾಫ್ಟ್‌ವೇರ್ ಕೊಟ್ಟ ಉತ್ತರವನ್ನು ಸುಮ್ನೆ ನಕಲು ಮಾಡಿದ್ದೆ, ಕೆಳಗಿದ್ದ ಎಚ್ಚರಿಕೆಯ ಸಾಲನ್ನು ನೋಡಿರಲೇ ಇಲ್ಲ. ಪಕ್ಕದ ಕಾಲೇಜಿನ ಸಂಖ್ಯಾಶಾಸ್ತ್ರದ ಮೇಷ್ಟ್ರು ನಾಲ್ಕು ಭಾನುವಾರ ಕೂರಿಸಿ ಹೇಳಿಕೊಟ್ಟರು. ಮನೆಗಳು ಕಡಿಮೆಯಾಗಿ ಒಂದೊಂದರಲ್ಲೂ ಸಂಖ್ಯೆ ಹೆಚ್ಚಲಿ ಅಂತ ಹಂತಗಳನ್ನು ಸೇರಿಸಿ ಶಿಕ್ಷಣಕ್ಕೆ ಮೂರು, ಆದಾಯಕ್ಕೆ ಎರಡು ಮಾಡಿದೆವು. ಒಂದು ಕೋಷ್ಟಕವನ್ನಂತೂ ಕ್ಯಾಲ್ಕುಲೇಟರ್ ಹಿಡಿದು ಕೈಯಲ್ಲೇ ಮಾಡಿಸಿದರು. ಹಣ ತಗೊಳ್ಳಲಿಲ್ಲ. ಮನೆಯಿಂದ ಹಲಸಿನ ಹಪ್ಪಳ ಒಯ್ದುಕೊಟ್ಟೆ.

ಕಾಗುಣಿತ ನೋಡಿದ್ದು ನಿವೃತ್ತ ಕನ್ನಡ ಶಿಕ್ಷಕರೊಬ್ಬರು, ಪುಟಕ್ಕೆ 10 ರೂಪಾಯಿಯಂತೆ. ವಾಕ್ಯ ಬದಲಿಸಬೇಕು ಅನ್ನಿಸಿದರೆ ಅಂಚಿನಲ್ಲಿ ಗೆರೆ ಹಾಕಿ ಸಾಕು, ನಾನೇ ಬದಲಿಸುತ್ತೇನೆ ಅಂತ ಮೊದಲೇ ಹೇಳಿದ್ದೆ.

ಎಡವಿದ್ದು ಡಿಟಿಪಿಯಲ್ಲಿ. ಥೀಸಿಸ್ ಇದ್ದದ್ದು 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಅದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಫೈಲಿನೊಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವೇ ಇರುತ್ತದೆ. ಹಾಗಾಗಿ ನಕಲು ಪತ್ತೆ ಮಾಡುವ ತಂತ್ರಾಂಶಕ್ಕೆ ಯೂನಿಕೋಡ್ ಪ್ರತಿ, ಅಂದರೆ ಫೈಲಿನೊಳಗೂ ಕನ್ನಡ ಅಕ್ಷರಗಳ ಸಂಕೇತವೇ ಇರುವ ಪ್ರತಿ, ಬೇಕಿತ್ತು. ಪರಿವರ್ತಿಸಿದಾಗ ನಡುವೆ ಇದ್ದ ಇಂಗ್ಲಿಷ್ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾದವು, ಅಲ್ಲಲ್ಲಿ ಒತ್ತಕ್ಷರ ಒಡೆದವು. ಅದಕ್ಕಿಂತ ದೊಡ್ಡ ಪೆಟ್ಟು ಪುಟಸಂಖ್ಯೆಯದು. ಪರೀಕ್ಷಕರ ಮಾತು, ನಾನು ಮಾಡಿದ ಬದಲಾವಣೆ, ಅದಿರುವ ಪುಟ ಅಂತ ಮೂರು ಅಂಕಣದ ಪಟ್ಟಿ ಮಾಡಿಟ್ಟಿದ್ದೆ. ಫಾಂಟ್ ಬದಲಾದ ಕೂಡಲೇ 268 ಪುಟ 291 ಆಯಿತು, ಪಟ್ಟಿಯ ಪುಟಗಳೆಲ್ಲ ತಪ್ಪಾದವು. ಒಂದು ಇಡೀ ರಾತ್ರಿ ಅದಕ್ಕೇ ಹೋಯಿತು. ಪರಿವರ್ತನೆ ಮೊದಲು, ಪಟ್ಟಿ ಆಮೇಲೆ. ಬೈಂಡಿಂಗಂತೂ ಎಲ್ಲಕ್ಕಿಂತ ಕೊನೆಗೆ.

ಒಟ್ಟು ಖರ್ಚು 9 ಸಾವಿರದ ಒಳಗೇ ಮುಗಿಯಿತು. ಕೃತಜ್ಞತೆಯ ಪುಟದಲ್ಲಿ ಸಹಾಯ ಮಾಡಿದವರ ಹೆಸರನ್ನೂ, ಯಾರು ಏನು ಮಾಡಿದರು ಅನ್ನೋದನ್ನೂ ಹಾಕಿದೆ.

ವೈವಾದಲ್ಲಿ ಮೊದಲ ಪ್ರಶ್ನೆಯೇ, "ಹಂತಗಳನ್ನು ಯಾಕೆ ಸೇರಿಸಿದಿರಿ?" ಬೋರ್ಡಿನ ಮೇಲೆ ಆರು ಮನೆ ಎಳೆದು ತೋರಿಸಿದೆ. ಭಾನುವಾರ ಕೈಯಲ್ಲಿ ಮಾಡಿದ್ದ ಲೆಕ್ಕದ ಹಾಳೆ ಬ್ಯಾಗಿನಲ್ಲೇ ಇತ್ತು, ತೆಗೆಯಬೇಕಾಗಿ ಬರಲಿಲ್ಲ.