ಗೋಡೆ ಕೆಡದಂತೆ ಹಳೆಯ ಕಬ್ಬಿಣದ ಕಿಟಕಿ ಚೌಕಟ್ಟನ್ನು ತೆಗೆಯುವ ಬಗೆ

ಹಳೆಯ ಕಬ್ಬಿಣದ ಕಿಟಕಿಯನ್ನು ತೆಗೆಯುವಾಗ ಗೋಡೆ ಒಡೆಯುವುದಕ್ಕೆ ಬಹುಮಟ್ಟಿಗೆ ಒಂದೇ ಕಾರಣವಿರುತ್ತದೆ: ಚೌಕಟ್ಟನ್ನು ಇಡಿಯಾಗಿ ಹೊರಗೆಳೆಯಲು ಹೋಗುವುದು. ಚೌಕಟ್ಟಿನ ಬದಿಗಳಿಂದ ಹೊರಟ ಹೋಲ್ಡ್‌ಫಾಸ್ಟ್‌ಗಳು, ಅಂದರೆ ತುದಿಯನ್ನು ಸೀಳಿ ಎರಡು ಕಡೆಗೆ ಬಾಗಿಸಿದ ಕಬ್ಬಿಣದ ಪಟ್ಟಿಗಳು, ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂತಿರುತ್ತವೆ. ಸಬ್ಬಲ್ ಹಾಕಿ ಮೀಟಿದರೆ ಅವು ಇಟ್ಟಿಗೆಯ ಚೂರನ್ನೂ ಅಂಗೈಯಗಲದ ಗಿಲಾವನ್ನೂ ಕಿತ್ತುಕೊಂಡೇ ಬರುತ್ತವೆ. ಆದ್ದರಿಂದ ಚೌಕಟ್ಟನ್ನು ಅದು ಇರುವಲ್ಲಿಯೇ ತುಂಡರಿಸಿ, ಪ್ರತಿ ತುಂಡನ್ನೂ ಕಿಟಕಿಯ ಖಾಲಿ ನಡುವಿನತ್ತ ಬಾಗಿಸಿ ತೆಗೆಯಬೇಕು. ಚೌಕಟ್ಟನ್ನು ಉಳಿಸಿಕೊಂಡು ಮತ್ತೆಲ್ಲಿಯಾದರೂ ಬಳಸುವ ಆಸೆಯಿದ್ದರೆ ಈ ವಿಧಾನ ಹೊಂದುವುದಿಲ್ಲ. ಗೋಡೆ ಮತ್ತು ಚೌಕಟ್ಟು ಎರಡನ್ನೂ ಉಳಿಸುವುದು ಅಪರೂಪಕ್ಕೆ ಸಾಧ್ಯವಾಗುವ ಮಾತು.

ಕೆಲಸಕ್ಕೆ ಕೈ ಹಾಕುವ ಮೊದಲು ಕಿಟಕಿಯ ಮೇಲ್ಭಾಗದಲ್ಲಿ ಲಿಂಟಲ್, ಅಂದರೆ ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆ, ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕೆಲವು ಹಳೆಯ ಕಟ್ಟಡಗಳಲ್ಲಿ ಲಿಂಟಲ್ ಇರುವುದಿಲ್ಲ, ಅಥವಾ ಇದ್ದದ್ದು ಜಗ್ಗಿ, ಮೇಲಿನ ಇಟ್ಟಿಗೆಯ ಭಾರ ವರ್ಷಗಳಿಂದ ಚೌಕಟ್ಟಿನ ಮೇಲೆಯೇ ಕುಳಿತಿರುತ್ತದೆ. ಕಿಟಕಿಯ ಮೇಲಿನ ಮೂಲೆಗಳಿಂದ ಓರೆಯಾಗಿ ಏರಿರುವ ಬಿರುಕು, ನಡುವೆ ಕೆಳಕ್ಕೆ ಬಾಗಿರುವ ಮೇಲ್ಪಟ್ಟಿ, ತೆರೆಯಲಾಗದಂತೆ ಬಿಗಿದುಕೊಂಡ ಕಿಟಕಿಯ ಬಾಗಿಲು, ಇವುಗಳಲ್ಲಿ ಯಾವುದೊಂದು ಕಂಡರೂ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸುವುದು ಒಳ್ಳೆಯದು. ಮೂಲೆಗಳಲ್ಲಿನ ಬಿರುಕು ತುಕ್ಕಿನಿಂದಲೂ ಬಂದಿರಬಹುದು. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಪಕ್ಕದ ಗಾರೆ ಒಡೆಯುತ್ತದೆ. ಹೀಗೆ ಬಂದ ಬಿರುಕು ಸಾಮಾನ್ಯವಾಗಿ ಚೌಕಟ್ಟಿನ ಅಂಚಿಗೇ ಅಂಟಿಕೊಂಡು ಸಾಗುತ್ತದೆ, ಗೋಡೆಯ ಮೇಲೆ ದೂರಕ್ಕೆ ಏರುವುದಿಲ್ಲ.

ಬಣ್ಣದ ವಿಷಯದಲ್ಲಿ ಉದಾಸೀನ ಸಲ್ಲದು. ಹಲವು ದಶಕ ಹಳೆಯ ಕಬ್ಬಿಣದ ಕಿಟಕಿಗಳಿಗೆ ಸೀಸವಿರುವ ಬಣ್ಣ ಬಳಿದಿರುವ ಸಾಧ್ಯತೆ ಬಹಳ. ಮೂಲೆಯೊಂದರಲ್ಲಿ ಬಣ್ಣವನ್ನು ಒದ್ದೆ ಮಾಡಿ ಚಾಕುವಿನ ತುದಿಯಿಂದ ಕೆರೆದಾಗ ತೀರ ಅಡಿಯಲ್ಲಿ ಹೊಳಪಿನ ಕಿತ್ತಳೆ ಬಣ್ಣದ ಪದರ ಕಂಡರೆ ಅದು ಕೆಂಪು ಸೀಸದ ಪ್ರೈಮರ್ ಇರಬಹುದು; ಮಂಕಾದ ಕಂದುಗೆಂಪು ಪದರವಾದರೆ ಹೆಚ್ಚಾಗಿ ರೆಡ್ ಆಕ್ಸೈಡ್, ಅಂದರೆ ಕಬ್ಬಿಣದ ಆಕ್ಸೈಡಿನ ಪ್ರೈಮರ್. ಕಣ್ಣಂದಾಜನ್ನೇ ನೆಚ್ಚದೆ ಪರೀಕ್ಷೆ ಮಾಡಿಸುವುದು ಉತ್ತಮ, ಅದು ಆಗುವವರೆಗೆ ಸೀಸವಿದೆ ಎಂದೇ ಭಾವಿಸಬೇಕು. ಅಂಥ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು, ಬೆಂಕಿಯಿಂದ ಸುಡಬಾರದು. ಎಲ್ಲಿ ಕತ್ತರಿಸುವುದೆಂದು ಗುರುತು ಮಾಡಿರುತ್ತೀರೋ ಅಲ್ಲಿ ಮಾತ್ರ ಐದಾರು ಸೆಂಟಿಮೀಟರ್ ಅಗಲಕ್ಕೆ ಬಣ್ಣ ಕರಗಿಸುವ ದ್ರಾವಣ ಹಚ್ಚಿ, ಕೆರೆದು, ಒರೆಸಿ, ಪೂರ್ತಿ ಒಣಗಿದ ಬಳಿಕವೇ ಗ್ರೈಂಡರ್, ಅಂದರೆ ತಿರುಗುವ ಡಿಸ್ಕಿನಿಂದ ಕತ್ತರಿಸುವ ಕೈಯಂತ್ರ, ಹಿಡಿಯಬೇಕು. ಮಕ್ಕಳೂ ಗರ್ಭಿಣಿಯರೂ ಆ ಕೋಣೆಯತ್ತ ಸುಳಿಯದಿರಲಿ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಕಿಡಿ ಬೀಳುವ ಕಡೆ ಅದರ ಮೇಲೆ ಒದ್ದೆ ಗೋಣಿಯನ್ನೋ ತಗಡನ್ನೋ ಹೊದಿಸಬೇಕು.

ಗಾಜನ್ನು ಮೊದಲು ಇಳಿಸಬೇಕು. ನಾಲ್ಕು ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ ಸುಮಾರು 10 ಕೆಜಿ ತೂಗುವುದರಿಂದ ದೊಡ್ಡ ಹಾಳೆಗಳಿಗೆ ಇಬ್ಬರು ಬೇಕು. ಗಾಜಿನ ಮೇಲೆ ಅಡ್ಡಡ್ಡ ಟೇಪ್ ಅಂಟಿಸಿ, ಗಟ್ಟಿಯಾದ ಪುಟ್ಟಿಯನ್ನು ಉಳಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ, ಒಳಗಿರುವ ತಂತಿಯ ಕ್ಲಿಪ್ಪುಗಳನ್ನು ಕಿತ್ತರೆ ಗಾಜು ಸಡಿಲವಾಗುತ್ತದೆ. ಕೆಲವು ಹಳೆಯ ಪುಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಅದನ್ನೂ ಒದ್ದೆ ಮಾಡಿಯೇ ಬಿಡಿಸಬೇಕು. ಆಮೇಲೆ ತೆರೆಯುವ ಬಾಗಿಲುಗಳನ್ನು ಕೀಲಿನಿಂದ ಕಳಚಬೇಕು. ಸ್ಕ್ರೂ ತಿರುಗದಿದ್ದರೆ ಕೀಲನ್ನೇ ಕತ್ತರಿಸಿದರಾಯಿತು, ಅದರೊಂದಿಗೆ ಹೆಣಗುವುದು ವ್ಯರ್ಥ.

ಗೋಡೆಯ ಅಂಚು ಉಳಿಯುವುದೂ ಅಳಿಯುವುದೂ ಮುಂದಿನ ಹಂತದಲ್ಲಿ ತೀರ್ಮಾನವಾಗುತ್ತದೆ. ಗಿಲಾವು ಚೌಕಟ್ಟಿನ ಮೇಲೆ ಒಂದಿಷ್ಟು ಹತ್ತಿಕೊಂಡಿರುತ್ತದೆ, ಬಣ್ಣದ ಪದರಗಳು ಎರಡನ್ನೂ ಸೇರಿಸಿ ಹೊಲಿದಂತೆ ಬಿಗಿದಿರುತ್ತವೆ. ಈ ಬೆಸುಗೆಯನ್ನು ಬಿಡಿಸದೆ ಚೌಕಟ್ಟನ್ನು ಅಲುಗಾಡಿಸಿದರೆ ಗಿಲಾವು ಹಪ್ಪಳದಂತೆ ಮುರಿಯುತ್ತದೆ. ಹರಿತವಾದ ಚಾಕುವಿನಿಂದ ಚೌಕಟ್ಟಿಗೂ ಗೋಡೆಗೂ ನಡುವಿನ ಗೆರೆಯುದ್ದಕ್ಕೂ ಹಲವು ಬಾರಿ ಎಳೆದು ಬಣ್ಣವನ್ನು ಸೀಳಬೇಕು. ಬಳಿಕ ಅಂಚಿನಿಂದ ಐದಾರು ಮಿಲಿಮೀಟರ್ ದೂರದಲ್ಲಿ ಗಿಲಾವಿನ ದಪ್ಪದಷ್ಟೇ ಆಳಕ್ಕೆ ನೇರವಾದ ಗೀರು ಕೊರೆಯಬೇಕು. ಇದಕ್ಕೆ ಕಂಪಿಸುವ ಬ್ಲೇಡಿನ ಮಲ್ಟಿಟೂಲ್ ಅತ್ಯುತ್ತಮ. ಕಲ್ಲು ಕತ್ತರಿಸುವ ಡಿಸ್ಕ್ ಹಾಕಿದ ಗ್ರೈಂಡರ್ ಬೇಗ ಮುಗಿಸುತ್ತದೆ, ಆದರೆ ಮೂಲೆಗಳಲ್ಲಿ ಅಗತ್ಯಕ್ಕಿಂತ ಮುಂದೆ ಹೋಗಿ ಗೋಡೆಯ ಮೇಲೆ ಗೆರೆ ಉಳಿಸುತ್ತದೆ. ಆದ್ದರಿಂದ ಮೂಲೆಗಳನ್ನಾದರೂ ಕೈಯುಳಿಯಿಂದಲೇ ಮುಗಿಸುವುದು ಲೇಸು. ಹೀಗೆ ಕೊರೆದ ಗೀರಿನಾಚೆಗೆ ಬಿರುಕು ಸುಲಭವಾಗಿ ದಾಟುವುದಿಲ್ಲ.

ಚೌಕಟ್ಟು ಎಲ್ಲಿ ಹಿಡಿದುಕೊಂಡಿದೆ ಎಂಬುದನ್ನು ಈಗ ಹುಡುಕಬೇಕು. ಕೆಲವು ಕಿಟಕಿಗಳಲ್ಲಿ ಬದಿಯ ಪಟ್ಟಿಯ ಮೂಲಕ ಗೋಡೆಗೆ ಹೊಡೆದ ಸ್ಕ್ರೂಗಳಿರುತ್ತವೆ. ಬಣ್ಣದಡಿ ಮುಚ್ಚಿಹೋಗಿರುವ ಅವುಗಳ ತಲೆ ಬೆರಳಾಡಿಸಿದಾಗ ಸಣ್ಣ ಉಬ್ಬಾಗಿ ಸಿಗುತ್ತದೆ. ಹೋಲ್ಡ್‌ಫಾಸ್ಟ್ ಇರುವ ಕಡೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸದ್ದು ಗಿಡ್ಡವಾಗಿ, ಗಟ್ಟಿಯಾಗಿ ಬರುತ್ತದೆ, ಉಳಿದೆಡೆ ಪಟ್ಟಿ ಝಣಗುಟ್ಟುತ್ತದೆ. ಸಿಕ್ಕ ಜಾಗಗಳಿಗೆಲ್ಲ ಸೀಮೆಸುಣ್ಣದ ಗುರುತು ಹಾಕಬೇಕು.

ಕತ್ತರಿಸುವಾಗ ಕಣ್ಣಿಗೆ ಕನ್ನಡಕ, ಮುಖಕ್ಕೆ ಗುರಾಣಿ, ಮೂಗಿಗೆ ಸೂಕ್ಷ್ಮ ಧೂಳನ್ನು ತಡೆಯುವ ಮಾಸ್ಕ್, ಕೈಗೆ ಚರ್ಮದ ಗ್ಲೌಸ್ ಕಡ್ಡಾಯ. ಗ್ರೈಂಡರಿನ ಕವಚವನ್ನು ಬಿಚ್ಚಿ ಕೆಲಸ ಮಾಡುವ ಅಭ್ಯಾಸ ಹಲವರಿಗಿದೆ, ಅದು ಬೇಡ. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಬಳಕೆಯ ಕೊನೆಯ ದಿನಾಂಕ ಅಚ್ಚಾಗಿರುತ್ತದೆ, ಅವಧಿ ಮೀರಿದ್ದನ್ನು ಎಸೆಯಬೇಕು. ಲೋಹಕ್ಕೆ ಒಂದು ಮಿಲಿಮೀಟರಿನ ತೆಳು ಡಿಸ್ಕ್ ಸಾಕು. ಕಿಡಿಗಳು ಪಕ್ಕದ ಕಿಟಕಿಯ ಗಾಜಿನ ಮೇಲೂ ಟೈಲ್ಸಿನ ಮೇಲೂ ಬಿದ್ದರೆ ಅಳಿಸಲಾಗದ ಚುಕ್ಕೆಗಳಾಗುತ್ತವೆ, ಆದ್ದರಿಂದ ಅವುಗಳನ್ನು ಮುಚ್ಚಿಡಬೇಕು. ಗ್ರೈಂಡರ್ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ ಮೂಲೆಗಳಲ್ಲಿ ಹ್ಯಾಕ್ಸಾ ಬ್ಲೇಡೇ ಸುರಕ್ಷಿತ.

ಮೊದಲು ನಡುವಿನ ಅಡ್ಡ ಮತ್ತು ಉದ್ದ ಪಟ್ಟಿಗಳನ್ನು, ಸರಳುಗಳಿದ್ದರೆ ಅವನ್ನೂ ತೆಗೆಯಬೇಕು. ನಂತರ ಕೆಳಪಟ್ಟಿಯ ನಡುವೆ ಒಂದು ಗೇಣು ಅಂತರದಲ್ಲಿ ಎರಡು ಕಡೆ ಕತ್ತರಿಸಿ ಆ ತುಂಡನ್ನು ಬಿಡಿಸಿದರೆ ಉಳಿದ ಎರಡು ತುದಿಗಳು ಮೇಲಕ್ಕೆ ಬಾಗಲು ಎಡೆ ಸಿಗುತ್ತದೆ. ಬದಿಯ ಪಟ್ಟಿಗಳನ್ನೂ ಹೀಗೆಯೇ, ಹೋಲ್ಡ್‌ಫಾಸ್ಟ್‌ಗಳ ನಡುವಿನ ಜಾಗದಲ್ಲಿ ತುಂಡರಿಸಬೇಕು. ಬದಿಯ ಪಟ್ಟಿಯನ್ನು ಕತ್ತರಿಸುತ್ತಿರುವಾಗ ಸೀಳು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತ ಡಿಸ್ಕನ್ನು ಹಿಡಿದುಕೊಂಡರೆ ಯಂತ್ರವನ್ನು ಕೂಡಲೇ ನಿಲ್ಲಿಸಬೇಕು. ಮೇಲಿನಿಂದ ಭಾರ ಇಳಿಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ. ಆಸರೆ ಕೊಡಿಸದೆ ಮುಂದುವರಿಯಬಾರದು. ಮೇಲ್ಪಟ್ಟಿ ಯಾವಾಗಲೂ ಕೊನೆಗೆ.

ತುಂಡುಗಳನ್ನು ಮೀಟುವಾಗ ಸಬ್ಬಲಿನ ಹಿಮ್ಮಡಿ ಗಿಲಾವಿನ ಮೇಲೆ ಊರಬಾರದು. ಅಡಿಗೆ ಅಗಲವಾದ ಪ್ಲೈವುಡ್ ತುಂಡು ಇಟ್ಟರೆ ಒತ್ತಡ ಹರಡಿಕೊಳ್ಳುತ್ತದೆ. ಒಂದೇ ಬಾರಿಗೆ ಬಲ ಹಾಕದೆ ಸ್ವಲ್ಪ ಮೀಟಿ, ಪಟ್ಟಿಗೂ ಗೋಡೆಗೂ ನಡುವೆ ಬಿಟ್ಟ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಹೋಲ್ಡ್‌ಫಾಸ್ಟನ್ನು ಕೊಯ್ಯಬೇಕು. ಅದರ ಬಾಲ ಗೋಡೆಯೊಳಗೇ ಉಳಿಯಲಿ. ಕೆಲವರು ಅದನ್ನೂ ಕಿತ್ತು ತೆಗೆಯಲು ಹಟ ಹಿಡಿಯುತ್ತಾರೆ, ಆ ಹಟದ ಬೆಲೆಯನ್ನು ಗೋಡೆ ತೆರುತ್ತದೆ. ಉಳಿದ ತುದಿಯ ಸುತ್ತ ಉಳಿಯಿಂದ ಸಣ್ಣ ಗುಳಿ ತೋಡಿ, ಕಬ್ಬಿಣವನ್ನು ಮೇಲ್ಮೈಯಿಂದ ಒಂದೆರಡು ಸೆಂಟಿಮೀಟರ್ ಒಳಗೆ ಕತ್ತರಿಸಿ, ತುಕ್ಕು ಉಜ್ಜಿ, ಸತುವಿನ ಪ್ರೈಮರ್ ಹಚ್ಚಿದರೆ ಮುಂದೆ ಹೊಸ ಗಿಲಾವಿನ ಮೇಲೆ ಕಂದು ಕಲೆ ಮೂಡುವ ಸಾಧ್ಯತೆ ಬಹಳ ಕಡಿಮೆ.

ಸಡಿಲಾದ ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಅಂಚಿಗೆ ನೀರು ಚಿಮುಕಿಸಿ, ಗುಳಿಗಳನ್ನು ತುಂಬಬೇಕು. ಸುಣ್ಣದ ಗಾರೆಯ ಗೋಡೆಯಾಗಿದ್ದರೆ ಸುಣ್ಣದ ಗಾರೆಯನ್ನೇ ಬಳಸಬೇಕು. ಗಟ್ಟಿ ಸಿಮೆಂಟು ಮೆತ್ತಿದರೆ ಅದು ಪಕ್ಕದ ಮೆದು ಗಾರೆಯನ್ನೂ ಎಳೆದುಕೊಂಡು ಒಂದು ದಿನ ಕಳಚುತ್ತದೆ. ಹೊಸ ಕಿಟಕಿಗೆ ಅಳತೆ ಕೊಡುವುದು ಈ ದುರಸ್ತಿ ಒಣಗಿದ ಮೇಲೆಯೇ. ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಹಿಡಿಯಬೇಕು, ಎರಡು ಕರ್ಣಗಳನ್ನೂ ಹೋಲಿಸಿ ನೋಡಬೇಕು. ಹಳೆಯ ಚೌಕಟ್ಟಿನ ಅಳತೆಯನ್ನೇ ಕೊಟ್ಟುಬಿಟ್ಟರೆ ಹೊಸದನ್ನು ಕೂರಿಸಲು ಮತ್ತೆ ಗೋಡೆಯನ್ನೇ ಕೆತ್ತಬೇಕಾಗಿ ಬರಬಹುದು.